ಹಾಜರಿಗೆ ಮುಂಚೆ ಒಂದು ಏರು

ಕೊಡಗಿನ ರಸ್ತೆಯಲ್ಲಿ ಯಾರಾದರೂ ಓಡುತ್ತಿದ್ದರೆ ಅದಕ್ಕೆ ಜನ ಒಪ್ಪುವ ಕಾರಣಗಳು ಎರಡೇ: ಬಸ್ಸು ತಪ್ಪಿರಬೇಕು, ಇಲ್ಲವೇ ಆನೆ ಬಂದಿರಬೇಕು. ಸಿದ್ದಾಪುರದ ಕಡೆಯಾದರೆ ಎರಡನೆಯದನ್ನೇ ಮೊದಲು ವಿಚಾರಿಸುತ್ತಾರೆ. ಮಡಿಕೇರಿಯ ಆಸುಪಾಸಿನಲ್ಲಾದರೆ ಜೀಪೊಂದು ಪಕ್ಕಕ್ಕೆ ಬಂದು ನಿಂತು, "ಹತ್ತಿ, ನಾನೂ ಆ ಕಡೆಗೇ ಹೋಗೋದು" ಎನ್ನುತ್ತದೆ. ಬೇಡವೆಂದರೆ ಜಂಬ, ಸುಮ್ಮನೆ ಓಡುತ್ತಿದ್ದೇನೆ ಎಂದರೆ ಅನುಮಾನ. ಇಷ್ಟನ್ನೂ ಸಹಿಸಿಕೊಂಡು ಓಟದ ಅಭ್ಯಾಸ ಇಟ್ಟುಕೊಂಡವರಿಗೆ ಹೊಸ ನೌಕರಿಯೊಂದು ಸಿಕ್ಕಿಬಿಟ್ಟರೆ ಲೆಕ್ಕವೆಲ್ಲ ತಲೆಕೆಳಗು. ಮನೆ ಮಡಿಕೇರಿಯಲ್ಲಿ, ಬ್ಯಾಂಕು ಕುಶಾಲನಗರದಲ್ಲಿ, ನಡುವೆ ಸುಮಾರು 30 ಕಿಲೋಮೀಟರ್ ತಿರುವು. ಎಂಟೂಕಾಲಕ್ಕೆ ಬಸ್ಸು ಹತ್ತಿದವರು ಮನೆಗೆ ಮರಳುವಾಗ ಏಳು ಗಂಟೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಒಂದೇ. ಮೊದಲ ಸೋಮವಾರವೇ ನಾಲ್ಕೂವರೆಗೆ ಅಲಾರಾಂ ಇಟ್ಟು, ಹಳೆಯ ವೇಳಾಪಟ್ಟಿಯನ್ನು ಹಾಗೇ ಎತ್ತಿ ಕತ್ತಲೆಗೆ ತಳ್ಳುವುದು. ಎರಡನೇ ವಾರದ ಹೊತ್ತಿಗೆ ಗಂಟಲು ಕೆರೆತ, ಮೂರನೇ ವಾರ ಕೌಂಟರಿನಲ್ಲಿ ಆಕಳಿಕೆ. ದೇಹಕ್ಕೆ ಎರಡು ಪಾಸ್‌ಬುಕ್ ಇಲ್ಲ. ಹೊಸ ಮೇಲಧಿಕಾರಿ, ಹೊಸ ಸಾಫ್ಟ್‌ವೇರ್, ನಿಂತುಕೊಂಡೇ ಮಾಡಿದ ಬಸ್ ಪ್ರಯಾಣ ಎಲ್ಲವೂ ಬೆಳಗಿನ ಏರು ಯಾವ ಖಾತೆಯಿಂದ ಹೋಗುತ್ತದೋ ಅದೇ ಖಾತೆಯಿಂದ ಹೋಗುತ್ತವೆ. ಹಾಗಾಗಿ ಮೊದಲ ಆರೆಂಟು ವಾರ ಹೆಚ್ಚಿಸುವ ಮಾತೇ ಬೇಡ, ಇದ್ದದ್ದನ್ನು ಉಳಿಸಿಕೊಂಡರೆ ಸಾಕು.

ಉಳಿಸಿಕೊಳ್ಳುವುದಕ್ಕೆ ಬೇಕಾದದ್ದು ಆಶ್ಚರ್ಯವಾಗುವಷ್ಟು ಕಡಿಮೆ. 1980ರ ದಶಕದಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು ಒಂದಷ್ಟು ಜನರಿಗೆ ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷದಂತೆ ಹತ್ತು ವಾರ ಕಠಿಣ ತರಬೇತಿ ಕೊಟ್ಟು, ಆಮೇಲೆ ಒಂದೊಂದೇ ಅಂಶವನ್ನು ಕಡಿಮೆ ಮಾಡಿ ನೋಡಿದರು. ಆರು ದಿನವನ್ನು ಎರಡಕ್ಕೆ ಇಳಿಸಿದರೂ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮುಂದಿನ 15 ವಾರ ನಿಂತೇ ಇತ್ತು. 40 ನಿಮಿಷವನ್ನು 13ಕ್ಕೆ ಇಳಿಸಿದಾಗಲೂ ಅದು ಕುಸಿಯಲಿಲ್ಲ, ದೀರ್ಘ ಹೊತ್ತು ತಾಳುವ ಶಕ್ತಿ ಮಾತ್ರ ಸ್ವಲ್ಪ ತಗ್ಗಿತು. ಶ್ರಮದ ತೀವ್ರತೆಯನ್ನು ಇಳಿಸಿದಾಗ ಮಾತ್ರ ಗಳಿಸಿದ್ದು ಜಾರಿಹೋಯಿತು. ಅಂದರೆ ದಿನ ಬಿಡಬಹುದು, ನಿಮಿಷ ಬಿಡಬಹುದು, ಏದುಸಿರನ್ನು ಬಿಡುವಂತಿಲ್ಲ. ಏದುಸಿರು ಬರಿಸುವುದರಲ್ಲಿ ಕೊಡಗಿಗೆ ಸಾಟಿ ಯಾರು? ಬೆಂಗಳೂರಿನವರು ಏರು ಬೇಕೆಂದು ಫ್ಲೈಓವರ್ ಹುಡುಕಿಕೊಂಡು ಹೋಗುತ್ತಾರೆ. ಇಲ್ಲಿ ಗೇಟು ತೆಗೆದರೆ ಏರು.

ಹಾಗಾಗಿ ವಾರಕ್ಕೆ ಮೂರೇ ಓಟ: ಮಂಗಳವಾರ ಏರು, ಗುರುವಾರ ಸುಲಭ, ವಾರಾಂತ್ಯಕ್ಕೆ ಉದ್ದ. ಮಂಗಳವಾರದ 40 ನಿಮಿಷ ಹೀಗೆ: 12 ನಿಮಿಷ ನಡಿಗೆ ಮತ್ತು ನಿಧಾನ ಓಟ, ಆಮೇಲೆ ಒಂದೇ ಏರಿನಲ್ಲಿ ಒಂದು ನಿಮಿಷದಂತೆ ಆರು ಸಲ ಜೋರು ಓಟ, ಪ್ರತಿ ಸಲವೂ ಎರಡು ನಿಮಿಷ ನಡೆದೇ ಕೆಳಗಿಳಿಯುವುದು, ಕೊನೆಗೆ ಹತ್ತು ನಿಮಿಷ ನಿಧಾನ ಓಟ. ಆರನೆಯದು ಮೊದಲನೆಯದರಷ್ಟೇ ದೂರ ಮುಟ್ಟಬೇಕು. ಮುಟ್ಟದಿದ್ದರೆ ಮೊದಲನೆಯದರಲ್ಲಿ ಅತಿ ಉತ್ಸಾಹ ತೋರಿಸಿದ್ದೀರಿ ಎಂದರ್ಥ. ಇಳಿಜಾರಿನಲ್ಲಿ ಓಡುವ ಆಸೆ ಎಲ್ಲರಿಗೂ ಆಗುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕಾಗುವುದರಿಂದ ನೋವು ಆ ದಿನ ಗೊತ್ತೇ ಆಗುವುದಿಲ್ಲ, ಎರಡನೇ ದಿನ ಗ್ರಾಹಕರ ಎದುರು ಕುರ್ಚಿಯಿಂದ ಏಳುವಾಗ ಗೊತ್ತಾಗುತ್ತದೆ. ಇಳಿಯಲೇಬೇಕಾದರೆ ಪುಟ್ಟ ಪುಟ್ಟ ಹೆಜ್ಜೆ.

ಗುರುವಾರ 45 ನಿಮಿಷ ಸುಲಭ ಓಟ. ಸುಲಭ ಎಂದರೆ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು, ಹಾಡಲು ಬಾರದಷ್ಟು. ಕೈಗಡಿಯಾರದ ಮೇಲೆ ಕಿಲೋಮೀಟರಿಗೆ ಎಷ್ಟು ನಿಮಿಷ ಎಂದು ನೋಡುತ್ತ ಮಡಿಕೇರಿಯಲ್ಲಿ ಓಡುವವರು ಸುಲಭದ ದಿನವನ್ನೂ ಕಠಿಣ ಮಾಡಿಕೊಳ್ಳುತ್ತಾರೆ. ಏರು ಬಂದಾಗ ಉಸಿರು ಮಾತು ಕತ್ತರಿಸಿದರೆ ನಡೆಯಿರಿ, ಯಾರೂ ದಂಡ ಹಾಕುವುದಿಲ್ಲ. ಈ ಓಟವನ್ನು ಸಂಜೆಗೆ ಇಟ್ಟುಕೊಂಡರೂ ಆದೀತು, ಆದರೆ ಸುಂಟಿಕೊಪ್ಪದಲ್ಲಿ ಬಸ್ಸಿಳಿದು ಹೆದ್ದಾರಿಯಲ್ಲೇ ಓಡಿಕೊಂಡು ಮನೆ ಸೇರುವ ಸಾಹಸ ಬೇಡ. ತಿರುವಿನಲ್ಲಿ ಬಸ್ಸುಗಳೂ ಪ್ರವಾಸಿಗರ ಕಾರುಗಳೂ ಒಂದನ್ನೊಂದು ಹಿಂದೆ ಹಾಕುವ ಹೊತ್ತು ಅದು. ಎಂಟು ಗಂಟೆ ಕುಳಿತ ಸೊಂಟಕ್ಕೆ ಮೊದಲ ಐದು ನಿಮಿಷ ಬರೀ ನಡಿಗೆ ಕೊಡಬೇಕು.

ಬೆಳಗಿನವರಿಗೆ ತೊಡಕು ನಿದ್ದೆ. ಆರರ ಏಳುವಿಕೆಯನ್ನು ಐದಕ್ಕೆ ತರುವುದಾದರೆ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದೆ ಸರಿಸಿ, ಮಲಗುವ ಹೊತ್ತನ್ನೂ ಅಷ್ಟೇ ಸರಿಸಿ. ಆರು ಗಂಟೆಗಿಂತ ಕಡಿಮೆ ನಿದ್ದೆಯಾದ ದಿನ ಏರು ಬಿಟ್ಟು ಸುಲಭ ಓಟ. ಕೊಡಗಿನ ವಿಶೇಷ ಅಡಚಣೆ ಕಾಫಿ. ಕೆಫೀನ್ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು, ಸಂಜೆ ಐದರ ಲೋಟ ರಾತ್ರಿ ಹತ್ತರ ಹಾಸಿಗೆಗೂ ಜೊತೆಗೆ ಬರುತ್ತದೆ. ದಿನದ ಕೊನೆಯ ಕಾಫಿ ಮಧ್ಯಾಹ್ನ ಎರಡಕ್ಕೇ ಮುಗಿಯಬೇಕು. ಯಾರ ಮನೆಗೆ ಹೋದರೂ ಕಾಫಿ ಬರುವ ಜಿಲ್ಲೆಯಲ್ಲಿ ಇದು ಆರು ಏರುಗಳಿಗಿಂತ ಕಷ್ಟದ ತರಬೇತಿ. ಬೆಳಿಗ್ಗೆ ಹೊರಡುವ ಅರ್ಧ ಗಂಟೆ ಮುಂಚೆ ಬೆಲ್ಲದ ಕಪ್ಪು ಕಾಫಿಗೆ ಮಾತ್ರ ಅಡ್ಡಿಯಿಲ್ಲ, ಅದು ಕೆಲಸಕ್ಕೆ ಬರುತ್ತದೆ.

ಕತ್ತಲೆಯ ಮಾತು ಬೇರೆ. ಜನವರಿಯಲ್ಲಿ ಸೂರ್ಯ ಮೂಡುವುದೇ 6:45ರ ನಂತರ. ಮಡಿಕೇರಿ ಪೇಟೆಯೊಳಗೆ ಹಣೆಗೆ ಕಟ್ಟುವ ದೀಪ ಸಾಕು, ಸಿದ್ದಾಪುರ, ತಿತಿಮತಿ ಕಡೆಯ ತೋಟದಂಚಿನಲ್ಲಿ ಅದು ಸಾಲದು. ಪೂರ್ತಿ ಬೆಳಕಾಗದೆ ಹೊರಡಬಾರದು, ಕಿವಿಗೆ ಇಯರ್‌ಫೋನ್ ಬೇಡ. ಆನೆ ಎಲ್ಲಿದೆ ಎಂದು ನೆರೆಯವರನ್ನು ಕೇಳಿಕೊಂಡು ದಾರಿ ಆರಿಸಬೇಕು. ಆ ಊರಿನವರಿಗೆ ಬೆಳಗಿನ ಹೊತ್ತು ಅಂಗಳದ ಮೆಟ್ಟಿಲೇ ಗತಿ.

ಮಳೆಗಾಲಕ್ಕೂ ಮೆಟ್ಟಿಲೇ ಆಗುತ್ತದೆ. ಜುಲೈಯಲ್ಲಿ ಒಂದೇ ಮೆಟ್ಟಿಲನ್ನು ಹತ್ತಿ ಇಳಿದು ಹತ್ತು ನಿಮಿಷ, ಎರಡು ನಿಮಿಷ ಬಿಡುವು, ಹೀಗೆ ಮೂರು ಸಲ ಮಾಡಿದರೆ ಶರ್ಟು ಹೇಗೂ ಒದ್ದೆಯಾಗುತ್ತದೆ. ಹೊರಗೇ ಓಡುವ ಹಟದವರು ಟಾರು ಬಿಟ್ಟು ಇಳಿಯದಿರುವುದು ಒಳ್ಳೆಯದು: ಕಲ್ಲಿನ ಮೇಲೆ ಪಾಚಿ, ಹುಲ್ಲಿನಲ್ಲಿ ಜಿಗಣೆ. ಮಳೆಕೋಟಿನೊಳಗೆ ಬೆವರು ಕುದಿಯುತ್ತದೆ, ಮುಂದೆ ಚಾಚಿದ ಟೊಪ್ಪಿಯೇ ವಾಸಿ, ಕಣ್ಣಿಗೆ ನೀರು ಬೀಳದು. ತೊಡೆಸಂದಿಗೆ ತೆಂಗಿನೆಣ್ಣೆ. ಒದ್ದೆ ಶೂವಿನ ಒಳಪದರ ಕಿತ್ತು, ಒಳಗೆ ಪತ್ರಿಕೆ ತುರುಕಿ, ಒಂದೆರಡು ಗಂಟೆಗೆ ಬದಲಿಸಬೇಕು. ಒಲೆಯ ಪಕ್ಕ ಇಟ್ಟರೆ ಬೇಗ ಒಣಗುತ್ತದೆ, ಅಟ್ಟೆಯ ಅಂಟೂ ಬೇಗ ಬಿಡುತ್ತದೆ. ಎರಡು ಜೊತೆ ಇಲ್ಲದೆ ಮಡಿಕೇರಿಯ ಮಳೆಗಾಲ ದಾಟುವುದು ಸುಳ್ಳು.

ಉದ್ದದ ಓಟಕ್ಕೆ ಬ್ಯಾಂಕಿನವರಿಗೊಂದು ಅನುಕೂಲವಿದೆ, ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಒಂದೂವರೆ ಗಂಟೆಯಿಂದ ಎರಡು ಗಂಟೆಯ ಓಟವನ್ನು ಆ ಎರಡು ಶನಿವಾರಕ್ಕೇ ಕಟ್ಟಿಹಾಕಿ, ಉಳಿದ ವಾರಾಂತ್ಯಗಳಲ್ಲಿ ಒಂದು ಗಂಟೆಗೆ ನಿಲ್ಲಿಸಿದರೆ ಕಾಲಿಗೂ ಬಿಡುವು, ಭಾನುವಾರ ಬಂಧುಗಳಿಗೂ ಮುಖ ತೋರಿಸಬಹುದು. ಒಂದೂವರೆ ಗಂಟೆ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗಬೇಕು, ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಿಂದಿನ ರಾತ್ರಿ ಅಕ್ಕಿ ಒಟ್ಟಿ ಒಳ್ಳೆಯದು. ಶುಕ್ರವಾರ ರಾತ್ರಿಯೇ ಮದುವೆ ಮನೆಯ ಪಂದಿಕರಿ (ಹಂದಿಮಾಂಸದ ಸಾರು), ಕಡಂಬುಟ್ಟು (ಅಕ್ಕಿತರಿಯ ಉಂಡೆ) ಎದುರಿಗೆ ಬಂದರೆ ಕಡಂಬುಟ್ಟಿಗೆ ಮಾತ್ರ ಕೈ ಹಾಕಿ, ಪಂದಿಕರಿಯನ್ನು ಓಟ ಮುಗಿದ ಮಧ್ಯಾಹ್ನಕ್ಕೆ ಕಟ್ಟಿಸಿಕೊಂಡು ಬರುವುದು ಲೇಸು. ಕೊಬ್ಬು ಹೊಟ್ಟೆಯಿಂದ ಇಳಿಯಲು ತಡ ಮಾಡುತ್ತದೆ. ಬೆಳಿಗ್ಗೆ ಮೊದಲ ಏರಿನಲ್ಲೇ ಹುಳಿತೇಗು ಬಂದರೆ ಅದು ಪಂದಿಕರಿಗೆ ಹಾಕುವ ಹುಳಿ ಕಾಚಂಪುಳಿಯ ತಪ್ಪಲ್ಲ.