ಬ್ರಹ್ಮಕಲಶಕ್ಕೆ ಬರುವ ಕೈಗಳು ಬಡವರ ಮನೆಗೂ ಬರಲಿ

ನಮ್ಮ ಸುಳ್ಯ, ಪುತ್ತೂರು ಕಡೆ ಊರ ದೇವಸ್ಥಾನದ ಜೀರ್ಣೋದ್ಧಾರ, ಅದು ಮುಗಿದು ಮಾಡುವ ಬ್ರಹ್ಮಕಲಶ ಹೇಗೆ ನಡೆಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯ ಗೆಳೆಯರಿಗಾಗಿ ಸ್ವಲ್ಪ ಹೇಳುತ್ತೇನೆ. ಕೆಲಸ ಶುರುವಾಗುವ ಮೊದಲೇ ಬೈಲುವಾರು ಸಮಿತಿ ಆಗುತ್ತದೆ. ಬೈಲು ಅಂದರೆ ಹತ್ತಿರ ಹತ್ತಿರದ ಮನೆಗಳ ಗುಂಪು. ಒಂದೊಂದು ಬೈಲಿನ ಮನೆಗಳಿಗೆ ಒಬ್ಬರು ಸಂಚಾಲಕರು. ಇಂಥ ದಿನ ಇಂಥ ಬೈಲಿನವರ ಕರಸೇವೆ ಅಂತ ಮೊದಲೇ ನಿಗದಿ. ಬೆಳಿಗ್ಗೆ ಅವಲಕ್ಕಿ, ಚಾ. ಮಧ್ಯಾಹ್ನ ಊಟ. ಮಣ್ಣು ಹೊರುವವರು, ಕಲ್ಲು ದಾಟಿಸುವವರು, ಚಪ್ಪರಕ್ಕೆ ಅಡಿಕೆ ಮರ ತರುವವರು, ತರಕಾರಿ ಹೆಚ್ಚುವವರು, ಎಲ್ಲರಿಗೂ ಅವರವರ ಕೆಲಸ ಗೊತ್ತು. ಹೊರೆಕಾಣಿಕೆಯ ದಿನ ಪ್ರತಿ ಮನೆಯಿಂದ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಬರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರೂ ರಜೆ ಹಾಕಿ ಬಂದು ಬುಟ್ಟಿ ಹೊರುತ್ತಾರೆ. ಚರ್ಚಿನ ಕೆಲಸ ಇರಲಿ, ಮಸೀದಿಯ ಕೆಲಸ ಇರಲಿ, ಹೆಸರು ಬೇರೆ ಅಷ್ಟೆ, ಊರು ಸೇರುವ ರೀತಿ ಹೆಚ್ಚು ಕಡಿಮೆ ಇದೇ.

ನನ್ನ ಮಾತು ಇಷ್ಟೇ. ಇಷ್ಟು ಚೆನ್ನಾಗಿ ಜನ ಸೇರಿಸಲು ಬರುವ ನಮಗೆ, ಅದೇ ಊರಿನ ಒಬ್ಬ ಬಡವರ ಮನೆ ಕಟ್ಟುವಾಗ ಆ ವ್ಯವಸ್ಥೆ ಯಾಕೆ ನೆನಪಾಗುವುದಿಲ್ಲ?

ಮನಸ್ಸಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ಯುವಕ ಮಂಡಲದ ಜೊತೆ, ಪಕ್ಕದ ಊರುಗಳ ತಂಡಗಳ ಜೊತೆ ಇಂಥ ಮನೆ ಕೆಲಸಗಳಿಗೆ ಹೋಗಿದ್ದೇನೆ. ಮನಸ್ಸು ಬೇಕಾದಷ್ಟಿದೆ. ಎಲ್ಲ ಕಡೆಯೂ ಕಂಡದ್ದು ಒಂದೇ. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹೋಗುತ್ತದೆ, "ಭಾನುವಾರ ಶ್ರಮದಾನ, ಎಲ್ಲರೂ ಬನ್ನಿ" ಅಂತ. ಮೊದಲ ಭಾನುವಾರ ಅಂಗಳ ತುಂಬ ಜನ. ಹಾರೆ ನಾಲ್ಕು, ಪಿಕ್ಕಾಸು ಎರಡು. ಕೆಲವರು ಪಂಚಾಂಗದ (ಅಡಿಪಾಯದ) ಗುಂಡಿ ಅಗೆಯುತ್ತಾರೆ, ಉಳಿದವರು ನಿಂತು ನೋಡುತ್ತಾರೆ. ಚಾ ಕುಡಿದು, ಫೋಟೋ ತೆಗೆದು ಹೊರಡುತ್ತಾರೆ. ನಿಂತು ನೋಡಿ ಹೋದವರು ಮುಂದಿನ ವಾರ ಬರುವುದಿಲ್ಲ. ಅವರನ್ನು ದೂರಬೇಡಿ. ಕೆಲಸ ಬಿಟ್ಟು ಬಂದವರಿಗೆ ಕೆಲಸವೇ ಸಿಗದಿದ್ದರೆ ಇನ್ನೊಮ್ಮೆ ಯಾಕೆ ಬರಬೇಕು? ಗೋಡೆ ಲಿಂಟಲ್ ಮಟ್ಟಕ್ಕೆ ಬರುವಾಗ ಅಲ್ಲಿ ಉಳಿದಿರುವುದು ಮೇಸ್ತ್ರಿ, ಮನೆಯವರು, ಮಂಡಲದ ಇಬ್ಬರೋ ಮೂವರೋ ಹುಡುಗರು.

ಹಾಗಾಗಿ ಮೊದಲು ಮಾತಾಡಬೇಕಾದದ್ದು ಮೇಸ್ತ್ರಿಯ ಹತ್ತಿರ. ಅಧ್ಯಕ್ಷರ ಹತ್ತಿರ ಆಮೇಲೆ. ಯಾವ ದಿನ ಎಷ್ಟು ಜನ ಬೇಕು, ಯಾವ ದಿನ ಯಾರೂ ಬೇಡ, ಯಾವ ದಿನ ಬರೀ ಗಟ್ಟಿಮುಟ್ಟು ಆಳುಗಳೇ ಬೇಕು, ಇದನ್ನು ಹೇಳಬಲ್ಲವರು ಅವರೊಬ್ಬರೇ. ಪಂಚಾಂಗದ ಒಳಗೆ ಮಣ್ಣು ತುಂಬಿ ಗುದ್ದುವ ದಿನ ಎಷ್ಟು ಜನ ಬಂದರೂ ಕೆಲಸ ಇದೆ. ಗೋಡೆ ಕಟ್ಟುವ ದಿನ ಇಬ್ಬರು ಮೇಸ್ತ್ರಿಗಳಿಗೆ ಕಲ್ಲು, ಗಾರೆ ಒದಗಿಸಲು ನಾಲ್ಕೈದು ಜನ ಸಾಕು. ಹತ್ತು ಜನ ಬಂದರೆ ಅವರ ಕಾಲಿಗೆ ಇವರು, ಇವರ ಕಾಲಿಗೆ ಅವರು. ಕಾಂಕ್ರೀಟ್ ಹಾಕುವ ದಿನದ ಕತೆಯೇ ಬೇರೆ. ಸಿಮೆಂಟಿಗೆ ನೀರು ಬಿದ್ದು ಅರ್ಧ ಗಂಟೆ ಕಳೆದರೆ ಅದು ಬಿಗಿಯಲು ಶುರುವಾಗಬಹುದು. ಅಂದು ಸಾಲು ಕಡಿಯಬಾರದು. "ಒಂಬತ್ತಕ್ಕೆ ಬರ್ತೇನೆ" ಅಂದವರು ಹನ್ನೊಂದಕ್ಕೆ ಬಂದರೆ ಆಗುವುದಿಲ್ಲ. ಅಂಥ ದಿನಕ್ಕೆ ಹೆಸರು ಬರೆದುಕೊಂಡು, ಹಿಂದಿನ ರಾತ್ರಿ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಯಬೇಕು. ಗ್ರೂಪ್‌ನಲ್ಲಿ ಹಾಕುವ ಕರೆ ಎಲ್ಲರಿಗೂ ಹೋಗುತ್ತದೆ, ಯಾರಿಗೂ ತನಗೇ ಬಂದ ಕರೆ ಅನಿಸುವುದಿಲ್ಲ. ಬೈಲಿನ ಸಂಚಾಲಕರು ಮನೆಗೆ ಬಂದು "ನಾಡಿದ್ದು ನಿಮ್ಮ ಮನೆಯಿಂದ ಒಬ್ಬರು" ಅಂದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಬ್ರಹ್ಮಕಲಶಕ್ಕೆ ನಾವು ಮಾಡುವುದು ಇದನ್ನೇ ಅಲ್ವಾ?

ಮೇಸ್ತ್ರಿಗೆ ಸಂಬಳ ಕೊಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. "ಒಳ್ಳೆಯ ಕೆಲಸ, ನೀವೂ ಸೇವೆ ಅಂತ ಮಾಡಿ" ಅಂತ ಅವರನ್ನು ಕೇಳುವವರಿದ್ದಾರೆ. ನಾವು ಭಾನುವಾರ ದಾನ ಮಾಡುವುದು ರಜೆಯ ದಿನವನ್ನು. ಅವರು ದಾನ ಮಾಡಬೇಕಾದದ್ದು ಅಂದಿನ ಅನ್ನವನ್ನು. ಕೆಲವು ಮೇಸ್ತ್ರಿಗಳು ತಾವಾಗಿಯೇ ಒಂದೆರಡು ದಿನದ ಸಂಬಳ ಬಿಟ್ಟುಕೊಡುತ್ತಾರೆ, ಅದು ಅವರ ದೊಡ್ಡತನ. ಅದನ್ನು ಕೇಳಿ ಪಡೆಯುವುದು ಸರಿಯಲ್ಲ. ಕರೆಂಟ್ ಕೆಲಸದವರಿಗೂ, ಪ್ಲಂಬರಿಗೂ, ಸಾರಣೆಯವರಿಗೂ ಇದೇ ಮಾತು. ಅವರ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಅದು ಹೊಂದದಿದ್ದರೆ ಕೆಲಸ ಶುರು ಮಾಡಬೇಡಿ.

ಊರಿನವರೂ ಕೆಲಸ ಬಲ್ಲವರೂ ಸೇರಿ ದುಡಿಯುವುದಕ್ಕೆ ನಮ್ಮ ತಾಲೂಕಿನಲ್ಲೇ ದೊಡ್ಡ ಉದಾಹರಣೆ ಇದೆ. 1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಎಂಜಿನಿಯರ್ ಗಿರೀಶ್ ಭಾರದ್ವಾಜ್ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಅರಂಬೂರಿನ ಸೇತುವೆಗೆ ಊರಿನವರ ಕೈ ಸೇರಿತ್ತು. ಆದರೆ ಹಗ್ಗ ಎಷ್ಟು ಬಿಗಿ ಇರಬೇಕು, ಕಂಬ ಎಲ್ಲಿ ನಿಲ್ಲಬೇಕು ಅಂತ ಹೇಳಲು ಎಂಜಿನಿಯರ್ ಆಗಿ ಅವರಿದ್ದರು. ಊರಿನ ಕೈಯೂ ಬೇಕು, ಕೆಲಸ ಬಲ್ಲವರ ಮಾತೂ ನಡೆಯಬೇಕು.

ಹಾಗಾದರೆ ನಮ್ಮಂಥವರ ಕೈಯಿಂದ ಆಗುವುದು ಏನು? ಬಹಳ ಇದೆ. ನಮ್ಮ ಗುಡ್ಡದ ಊರುಗಳಲ್ಲಿ ಬಡವರ ಜಾಗ ಹೆಚ್ಚಾಗಿ ರಸ್ತೆಯಿಂದ ದೂರ. ಪಿಕಪ್ ಬಂದು ನಿಲ್ಲುವುದು ಕೆಳಗೆ, ಮನೆ ಕಟ್ಟಬೇಕಾದದ್ದು ಮೇಲೆ. ಕೆಂಪುಕಲ್ಲು ಒಂದೊಂದೂ ಮೂವತ್ತು ಕೆಜಿ ಆಸುಪಾಸು ತೂಗುತ್ತದೆ. ಸಿಮೆಂಟ್ ಚೀಲ 50 ಕೆಜಿ. ಜಲ್ಲಿ, ಎಂ ಸ್ಯಾಂಡ್ ಬುಟ್ಟಿಯಲ್ಲಿ ಹೊರಬೇಕು. ಸಂಬಳ ಕೊಟ್ಟು ಇದನ್ನೆಲ್ಲ ಮೇಲೆ ಸಾಗಿಸುವುದಾದರೆ ಕಲ್ಲಿನ ಬೆಲೆಗಿಂತ ಹೊರೆಯ ಬೆಲೆ ಜಾಸ್ತಿ ಆದದ್ದೂ ಇದೆ. ಸರ್ಕಾರದ ಅನುದಾನ ಬಂದರೂ ಎಷ್ಟೋ ಮನೆ ಅರ್ಧಕ್ಕೆ ನಿಲ್ಲುವುದು ಇದರಿಂದಲೇ. 2016ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಂದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ಅಂತ ಇಟ್ಟರು. ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಇರಬೇಕು. ಅಷ್ಟು ದುಡ್ಡಿನಲ್ಲಿ ಇಲ್ಲಿ ಸೂರು ಏಳುವುದು ಕಷ್ಟ. ಕಲ್ಲು ಮೇಲೆ ಬರುವುದರೊಳಗೆ ಒಂದು ಕಂತು ಮುಗಿದಿರುತ್ತದೆ. ಊರಿನವರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರೆ ಆ ಖರ್ಚು ಪೂರ್ತಿ ಉಳಿಯುತ್ತದೆ. ಹೆಂಚಿಗೂ ಅಷ್ಟೇ. ನಾನು ಕಂಡಂತೆ ಶ್ರಮದಾನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

ಜಾಗ್ರತೆ ಮಾತ್ರ ಇರಲಿ. ಕೆಳಗೆ ಜನ ನಿಂತಿರುವಾಗ ಮೇಲೆ ಪಕ್ಕಾಸು (ಮಾಡಿನ ಮರ) ಕೂರಿಸಬಾರದು. ಸೆಂಟ್ರಿಂಗ್ ಹಲಗೆಯ ಮೇಲೆ ಮಕ್ಕಳು ಹತ್ತಬಾರದು. ಕಚೇರಿಯಲ್ಲಿ ಕೂತು ಕೆಲಸ ಮಾಡುವ ತಮ್ಮಂದಿರು ಹುರುಪಿನಲ್ಲಿ ಒಬ್ಬರೇ ಕಲ್ಲು ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳುತ್ತಾರೆ. ಅವರಿಗೆ ಮೊದಲೇ ಹೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ನೀರು ಹಾಕುವ ಕೆಲಸ. ಯಾರ ಪಟ್ಟಿಯಲ್ಲೂ ಇಲ್ಲದ ಕೆಲಸ ಇದು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್. ಅದರ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರು ಹಾಕಿ ಒದ್ದೆ ಇಡಬೇಕು. ಒಣ ಬಿಸಿಲು ಇದ್ದರೆ 14 ದಿನ. ನಾವು ಮನೆ ಕಟ್ಟುವುದೇ ಫೆಬ್ರವರಿ, ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ. ಬಾವಿ ತಳ ಕಾಣುವ ಕಾಲ ಅದು. ಕಾಂಕ್ರೀಟ್ ಹಾಕಿದ ದಿನ ಊರೇ ಇರುತ್ತದೆ, ಮರುದಿನ ನೀರು ಹಾಕಲು ಯಾರೂ ಇರುವುದಿಲ್ಲ. ಮನೆಯವರು ಬೆಳಿಗ್ಗೆಯೇ ಕೂಲಿಗೆ ಹೋಗಿರುತ್ತಾರೆ. ಸರಿಯಾಗಿ ನೀರು ಕಾಣದ ಕಾಂಕ್ರೀಟ್ ಎಷ್ಟು ಸಿಮೆಂಟ್ ಹಾಕಿದ್ದರೂ ಬಿರುಕು ಬಿಡುತ್ತದೆ. ಆಮೇಲೆ "ಧರ್ಮದ ಮನೆ, ಹೀಗೇ" ಅಂತ ಜನ ಹೇಳುತ್ತಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ದುಡ್ಡಿಲ್ಲದವರ ಮನೆ ಗಟ್ಟಿ ಇರಬಾರದು ಅಂತ ಎಲ್ಲಿದೆ? ಪಕ್ಕದ ಎರಡು ಮನೆಗಳಿಗೆ ಈ ಕೆಲಸ ವಹಿಸಿ. ಹತ್ತಿರದ ತೋಟದವರ ಹತ್ತಿರ ಸ್ಪ್ರಿಂಕ್ಲರ್ ಪೈಪಿನ ಒಂದು ಎಳೆ ಕೇಳಿ. ಗೋಣಿ ಹಾಸಿ ನೆನೆಸಿಡಿ. ಬೆಳಿಗ್ಗೆ ಯಾರು, ಸಂಜೆ ಯಾರು ಅಂತ ಹೆಸರು ಬರೆದಿಡಿ. ಭಾರ ಎತ್ತಲು ಆಗದ ಹಿರಿಯರು, ಮೈದಾನದಿಂದ ಬರುವ ಶಾಲೆ ಮಕ್ಕಳು ಸಂತೋಷದಿಂದ ಮಾಡುವ ಕೆಲಸ ಇದು.

ಕಾಗದಪತ್ರದ ಮಾತು ಬೇಸರದ್ದು, ಆದರೂ ಹೇಳಲೇಬೇಕು. ಜಾಗ ಯಾರ ಹೆಸರಿನಲ್ಲಿದೆ ಅಂತ ನೋಡದೆ ಹಾರೆ ಹಾಕಬೇಡಿ. ಅಜ್ಜನ ಹೆಸರಿನ ಪಹಣಿ, ಭಾಗ ಆಗದ ಜಾಗ, 94ಸಿ (ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯ ಸಕ್ರಮ) ಅರ್ಜಿ ಕೊಟ್ಟು ಹಕ್ಕುಪತ್ರ ಕೈಗೆ ಬರದೇ ಇರುವ ಜಾಗ, ಇವೆಲ್ಲ ನಮ್ಮ ಕಡೆ ಸಾಮಾನ್ಯ. ಪಂಚಾಯತಿನಲ್ಲಿ 9/11 (ಆಸ್ತಿ ದಾಖಲೆಯ ನಮೂನೆಗಳು) ಆಗಿದೆಯಾ ಕೇಳಿ. ಅನುದಾನದ ಮನೆ ಆದರೆ ಆದೇಶ ಕೈಗೆ ಬರುವವರೆಗೆ ಕಾಯಿರಿ. ಖಾಲಿ ಜಾಗದಿಂದ ಹಿಡಿದು ಪಂಚಾಂಗ, ಗೋಡೆ, ಸೂರು ಅಂತ ಹಂತ ಹಂತದ ಫೋಟೋ ಆದ ಮೇಲೆಯೇ ಕಂತು ಬಿಡುವುದು. ನಮ್ಮ ಆತುರದಿಂದ ಅವರ ಕಂತು ತಪ್ಪಬಾರದು. ತಾಲೂಕು ಕಚೇರಿಗೆ ಓಡಾಡುವುದೂ ಶ್ರಮದಾನವೇ. ಬುಟ್ಟಿ ಹೊರಲಾಗದ, ಆದರೆ ಅರ್ಜಿ ಬರೆಯಲು ಬರುವ ನಿವೃತ್ತ ಮಾಸ್ತರರು ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ಕರೆಯಿರಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು ಬೇರೆಯೇ ಇದೆ. ಮನೆ ಯಾರದ್ದು? ಒಂದು ಕಡೆ ನಕ್ಷೆ ಹಿಡಿದುಕೊಂಡು ನಾವು ನಾಲ್ಕೈದು ಗಂಡಸರು ಮಾತಾಡುತ್ತಾ ನಿಂತಿದ್ದೆವು. ಆ ಮನೆಯ ಅಕ್ಕ ಸ್ವಲ್ಪ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮೇಸ್ತ್ರಿಯೇ ಅವರನ್ನು ಕರೆದು ಕೇಳಿದರು, "ಅಕ್ಕ, ನಿಮಗೆ ಹೇಗೆ ಬೇಕು ಹೇಳಿ." ಅವರು ಹೇಳಿದ್ದು ಎರಡೇ ಮಾತು. "ಅಡುಗೆಮನೆಯ ಬಾಗಿಲು ಹಟ್ಟಿ ಕಡೆ ಇರಲಿ ಅಣ್ಣ, ರಾತ್ರಿ ದನ ಕೂಗಿದರೆ ಕೇಳಬೇಕು. ಮತ್ತೆ ಬಚ್ಚಲು ಮನೆಗೆ ತಾಗಿಯೇ ಇರಲಿ, ಮಗಳು ದೊಡ್ಡವಳಾಗ್ತಾ ಇದ್ದಾಳೆ." ನಮ್ಮ ನಕ್ಷೆಯಲ್ಲಿ ಎರಡೂ ಇರಲಿಲ್ಲ. ನಕ್ಷೆ ಬದಲಾಯಿತು. ಆಮೇಲೆ ಆ ಅಕ್ಕ ಮೇಸ್ತ್ರಿಗೆ ಸರಿಸಮ ನಿಂತು ಕೆಲಸ ಮಾಡಿಸಿದರು. ಯಾವ ಚೀಲದಲ್ಲಿ ಎಷ್ಟು ಸಿಮೆಂಟ್ ಉಳಿದಿದೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತಿತ್ತು.

ಅಮೆರಿಕದ ಜಾರ್ಜಿಯಾದಲ್ಲಿ 1976ರಲ್ಲಿ ಶುರುವಾದ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯಲ್ಲಿ ಇದು ನಿಯಮವೇ ಆಗಿದೆ. ಮನೆ ಪಡೆಯುವವರು ಸ್ವಯಂಸೇವಕರ ಜೊತೆ ತಾವೂ ದುಡಿಯಬೇಕು. ಹಿಂದೆ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1984ರಿಂದ ವರ್ಷ ವರ್ಷವೂ ಸುತ್ತಿಗೆ ಹಿಡಿದು ಅವರ ಜೊತೆ ಕೆಲಸ ಮಾಡಿದರು. 2006ರಲ್ಲಿ ನಮ್ಮ ದೇಶಕ್ಕೂ ಬಂದು ಪುಣೆ ಹತ್ತಿರದ ಲೋಣಾವಳ ಕಡೆ 100 ಮನೆಗಳ ಕೆಲಸದಲ್ಲಿ ಸೇರಿದ್ದರು. ಮನೆಯವರು ದುಡಿಯಬೇಕು ಅನ್ನುವುದನ್ನು ನಾನು ಷರತ್ತು ಮಾಡುವುದಿಲ್ಲ. ಕಾಯಿಲೆಯವರು, ವಯಸ್ಸಾದವರು ಇರುತ್ತಾರೆ. ಆದರೆ ಅವರನ್ನು ಕೇಳದೆ ಒಂದು ಕಲ್ಲೂ ಇಡಬಾರದು. ಕೀ ಹಸ್ತಾಂತರ ಅಂತ ವೇದಿಕೆ ಹಾಕಿ, ಆ ಮನೆಯ ಮಕ್ಕಳ ಮುಂದೆ ಅವರ ಬಡತನವನ್ನು ಮೈಕಿನಲ್ಲಿ ವರ್ಣಿಸುವುದನ್ನು ದಯವಿಟ್ಟು ನಿಲ್ಲಿಸೋಣ. ಆ ಮಕ್ಕಳು ಮರುದಿನ ಅದೇ ಊರಿನ ಶಾಲೆಗೆ ಹೋಗಬೇಕು. ಗೋಡೆ ಮೇಲೆ ದಾನಿಗಳ ಹೆಸರಿನ ಕಲ್ಲು ಬೇಡ. ಸಂಘದ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಒಕ್ಕಲಿನ (ಗೃಹಪ್ರವೇಶದ) ದಿನ ಎಲ್ಲರೂ ನೆಂಟರ ಹಾಗೆ ಹೋಗಿ ಊಟ ಮಾಡಿ ಬರೋಣ.

ಲೆಕ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಂದದ್ದು, ಹೋದದ್ದು ಅಂದಂದೇ ಗ್ರೂಪ್‌ನಲ್ಲಿ ಹಾಕಿ. ಬಾಗಿಲು, ಕಿಟಕಿ, ಟೈಲ್ಸ್ ಕೊಡುತ್ತೇನೆ ಅಂದವರಿಗೆ ಮೊದಲೇ ಅಳತೆ ಕೊಡಿ.

ಕಾಲದ ಲೆಕ್ಕ ಮಾತ್ರ ಗಟ್ಟಿ ಇರಬೇಕು. ನಮ್ಮಲ್ಲಿ ಮನೆ ಕಟ್ಟಲು ಸಿಗುವುದು ಮಳೆ ಬಿಟ್ಟ ಮೇಲಿನ ಕೆಲವೇ ತಿಂಗಳು. ಅದೇ ತಿಂಗಳುಗಳಲ್ಲಿ ಅಡಿಕೆ ಕೊಯ್ಲು, ಜಾತ್ರೆ, ಕೋಲ, ಯಕ್ಷಗಾನ, ಮದುವೆ ಎಲ್ಲ. ಏಪ್ರಿಲ್, ಮೇಯಲ್ಲಿ ಭಾನುವಾರ ಅಂದರೆ ಮೂರು ಮದುವೆ. ಆಗ ಆಳು ಸಿಗುವುದಿಲ್ಲ. ಹೊರೆಯ ಕೆಲಸವೆಲ್ಲ ಜನವರಿಯಲ್ಲೇ ಮುಗಿಯಬೇಕು, ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಹೆಂಚು ಹೊದಿಸಿ ಆಗಬೇಕು. ಈ ವರ್ಷ ಯಾವ ಮನೆ ಅಂತ ಯೋಚಿಸುತ್ತಿರುವ ಮಂಡಲಗಳು ಗಣಪತಿ ಹಬ್ಬದ ಹೊತ್ತಿಗೇ ಮೇಸ್ತ್ರಿಯನ್ನು ಗೊತ್ತು ಮಾಡಿಕೊಳ್ಳಿ. ಅಡಿಕೆ ಕೊಯ್ಲು ಶುರುವಾದ ಮೇಲೆ ಹುಡುಕಲು ಹೊರಟರೆ ಒಳ್ಳೆಯವರು ಯಾರೂ ಬಿಡುವಿರುವುದಿಲ್ಲ.

ಮನೆ ಆದ ಮೇಲೂ ಒಂದು ಕೆಲಸ ಇದೆ. ಹೆಂಚು ತರಿಸುವಾಗ ಒಂದಷ್ಟು ಹೆಚ್ಚಿಗೆ ತರಿಸಿ ಹಿತ್ತಿಲಲ್ಲಿ ಜೋಡಿಸಿಡಿ. ಜೂನ್‌ನಲ್ಲಿ ಮೊದಲ ಜೋರು ಮಳೆ ಬಂದ ಮರುದಿನ ಬೈಲಿನ ಇಬ್ಬರು ಏಣಿ ಹಿಡಿದುಕೊಂಡು ಹೋಗಿ. ಸೋರುವ ಕಡೆ ಹೆಂಚು ಬದಲಿಸಿ, ಹಿಂದಿನ ಬರೆಯ (ಗುಡ್ಡ ಕಡಿದ ಬದಿಯ) ನೀರು ಗೋಡೆಗೆ ಬಾರದ ಹಾಗೆ ಚರಂಡಿ ಬಿಡಿಸಿಕೊಟ್ಟು ಬನ್ನಿ. ಆ ಇಬ್ಬರು ಯಾರು ಅನ್ನುವುದನ್ನೂ ಜನವರಿಯ ಪಟ್ಟಿಯಲ್ಲೇ ಬರೆದಿಡಿ.