ಟೈಲ್ಸ್ ಕೆಳಗಿನ ಕೆಲಸಕ್ಕೆ ದುಡ್ಡು ಕೊಡಿ

ಹಳೇ ಬಾತ್‌ಟಬ್ ತೆಗೆಸಬೇಕು ಅಂತಿರುವವರಿಗೆ ಒಂದು ಮಾತು. ಯಾವ ಟೈಲ್ಸ್, ಯಾವ ಶವರ್ ಅಂತ ಅಂಗಡಿ ಸುತ್ತುವ ಮೊದಲು ಬಚ್ಚಲ ಕೆಲಸ ಬಲ್ಲ ಒಬ್ಬರನ್ನು ಹುಡುಕಿಕೊಳ್ಳಿ. ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಉಳಿಸಲೇಬೇಕು ಅಂದರೆ ಟೈಲ್ಸ್‌ನಲ್ಲಿ ಉಳಿಸಿ. ಈ ಬೇಸಿಗೆಯಲ್ಲಿ ನಮ್ಮನೆ ಟಬ್ ತೆಗೆಸಿದ ಮೇಲೆ ನನಗೆ ಇದು ಇನ್ನೂ ಗಟ್ಟಿಯಾಗಿ ಅನ್ನಿಸಿದೆ.

ನಮ್ಮದು ಶಿವಮೊಗ್ಗದ ವಿನೋಬನಗರದಲ್ಲಿರುವ ಹಳೇ ಮಹಡಿ ಮನೆ. ಮಾವ ಆಸೆಪಟ್ಟು ಮೇಲಿನ ಬಚ್ಚಲಿಗೆ ಬೀಡು ಕಬ್ಬಿಣದ ಟಬ್ ಹಾಕಿಸಿದ್ದರು. ಅದರ ಬಿಳಿ ಎನಾಮಲ್ ಅಲ್ಲಲ್ಲಿ ಎದ್ದು ತುಕ್ಕು ಹಿಡಿದಿತ್ತು. ಮೇಲೆ ಹೊಸ ಲೇಪ ಹಾಕಿಸಬಹುದು ಅಂದವರೂ ಇದ್ದರು. ಆದರೆ ಫ್ಯಾಕ್ಟರಿಯಲ್ಲಿ ಸುಟ್ಟು ಕೂರಿಸಿದ ಎನಾಮಲ್‌ನಷ್ಟು ದಿನ ಆ ಲೇಪ ಬಾಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅತ್ತೆಗೆ ಮಂಡಿ ನೋವು. ಒಂದೂವರೆ ಅಡಿ ಎತ್ತರದ ಅಂಚು ದಾಟಿ ಒಳಗೆ ಕಾಲಿಡುವಾಗ ಒದ್ದೆ ನೆಲದ ಮೇಲೆ ಒಂದೇ ಕಾಲಲ್ಲಿ ನಿಲ್ಲಬೇಕು. ದಿನಾ ಹೊರಗೆ ನಿಂತು "ನಿಧಾನ, ಅತ್ತೆ" ಅಂತ ಕೂಗುವುದು ಒಂದು ಪರಿಹಾರವೇ?

ನಮ್ಮ ಕಡೆ ಸ್ನಾನದ ರೀತಿಗೂ ಟಬ್‌ಗೂ ಹೊಂದಿಕೆ ಆಗಲೇ ಇಲ್ಲ. ಹಂಡೆ ತುಂಬ ಸುಡುಸುಡು ನೀರು, ಅಡಿಕೆ ಸಿಪ್ಪೆ ಉರಿಯುವ ಬಚ್ಚಲೊಲೆ, ತಂಬಿಗೆಯಲ್ಲಿ ಮೊಗೆದು ಮೈಮೇಲೆ ಸುರಿದುಕೊಳ್ಳುವುದು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಿ ತೊಳೆದು ಪೂಜೆ ಮಾಡುವವರು ನಾವು. ನೀರಲ್ಲಿ ಕೂತು ನೆನೆಯುವ ಅಭ್ಯಾಸ ಎಷ್ಟು ಜನಕ್ಕಿದೆ? ನಾನು ನೋಡಿದ ಮನೆಗಳಲ್ಲೆಲ್ಲ ಟಬ್‌ನೊಳಗೆ ನಿಂತೇ ಸ್ನಾನ ಮಾಡುತ್ತಾರೆ. ನುಣುಪಾದ ಇಳಿಜಾರು ತಳ, ಸೋಪಿನ ನೀರು, ಹಿಡಿದುಕೊಳ್ಳಲು ಏನೂ ಇಲ್ಲ. ಎಣ್ಣೆ ಸ್ನಾನದ ದಿನವಂತೂ ಕೇಳುವುದೇ ಬೇಡ. ವಯಸ್ಸಾದವರಿರುವ ಮನೆಯಲ್ಲಿ ಟಬ್ ಬೇಡ ಅಂತ ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಟಬ್ ತೆಗೆಯುವುದು ಎತ್ತಿ ಆಚೆ ಇಡುವ ಕೆಲಸ ಅಂತ ತುಂಬಾ ಜನ ತಿಳಿದಿದ್ದಾರೆ. ಬೀಡಿನ ಟಬ್ ಖಾಲಿ ಇದ್ದಾಗಲೇ ನೂರು ಕಿಲೋ ದಾಟುತ್ತದೆ, ದೊಡ್ಡದಾದರೆ 150ರ ಹತ್ತಿರ. ಈಗಿನ ಅಕ್ರಿಲಿಕ್ ಟಬ್‌ನ ಹಾಗೆ ಇಬ್ಬರು ಹೊತ್ತುಕೊಂಡು ಮೆಟ್ಟಿಲಿಳಿಯುವ ವಸ್ತು ಅಲ್ಲ ಅದು. ಬೀಡು ಗಟ್ಟಿಯಾದರೂ ಬಾಗುವ ಜಾತಿಯಲ್ಲ, ಹೊಡೆದರೆ ಒಡೆಯುತ್ತದೆ. ಹಾಗಾಗಿ ಕೆಲಸ ಗೊತ್ತಿರುವವರು ಅದರ ಮೇಲೆ ಹಳೇ ಕಂಬಳಿ ಹೊದಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸುತ್ತಿಗೆಯಿಂದ ಅಲ್ಲೇ ತುಂಡು ಮಾಡುತ್ತಾರೆ. ತುಂಡುಗಳ ಅಂಚು ಚಾಕುವಿನಷ್ಟೇ ಹರಿತ. ಮಕ್ಕಳನ್ನು, ಹಿರಿಯರನ್ನು ಆ ದಿನ ಕೆಳಗೇ ಕೂರಿಸಿ. ತುಂಡು ಗುಜರಿಗೆ ಹೋಗುತ್ತದೆ. ಟಬ್ ಇಡಿಯಾಗಿ ಹೊರಬಂದರೆ ದನಗಳಿಗೆ ನೀರಿಡಲು ಚೆನ್ನಾಗಿರುತ್ತದೆ, ಕೊಟ್ಟಿಗೆ ಇರುವವರನ್ನು ಒಮ್ಮೆ ಕೇಳಿ ನೋಡಿ.

ನಿಜವಾದ ಕೆಲಸ ಶುರುವಾಗುವುದೇ ಟಬ್ ಹೋದ ಮೇಲೆ. ನಮ್ಮಲ್ಲಿಗೆ ಬಂದ ಮೇಸ್ತ್ರಿ ಬಗ್ಗಿ ಪೈಪ್ ನೋಡಿ ಹೇಳಿದ ಮೊದಲ ಮಾತು: "ಅಕ್ಕಾ, ಟೈಲ್ಸ್ ವಿಚಾರ ಆಮೇಲೆ ಮಾತಾಡಣ. ಮೊದ್ಲು ನೀರು ಎಲ್ಲಿಗೆ ಹೋಗ್ತದೆ ನೋಡ್ತೀನಿ." ಆಗಲೇ ನನಗೆ ಧೈರ್ಯ ಬಂತು. ಟಬ್‌ನಿಂದ ನೀರು ಹೋಗುವ ಪೈಪ್ ಸಾಮಾನ್ಯವಾಗಿ ಒಂದೂವರೆ ಇಂಚು. ಟಬ್‌ಗೆ ಅಷ್ಟು ಸಾಕು, ನೀರು ನಿಂತು ನಿಧಾನಕ್ಕೆ ಹೋದರೂ ಅದು ಟಬ್‌ನೊಳಗೇ ಇರುತ್ತದೆ. ನೆಲದ ಮೇಲೆ ಸ್ನಾನ ಮಾಡುವಾಗ ಹಾಗಲ್ಲ. ಆ ಸಣ್ಣ ಪೈಪನ್ನೇ ಉಳಿಸಿಕೊಂಡು ಮೇಲೆ ಟೈಲ್ಸ್ ಹಾಕಿದರೆ ನೀರು ಬಾಗಿಲವರೆಗೂ ನಿಲ್ಲುತ್ತದೆ. ಅದನ್ನು ಕಿತ್ತು ದೊಡ್ಡ ಪೈಪ್ ಎಳೆದು, ನೆಲದ ನೀರು ಇಳಿಯುವ ಬಾಯಿಗೆ ನಾಲ್ಕು ಇಂಚಿನ ಟ್ರ್ಯಾಪ್ ಕೂರಿಸಿದರು. ಟ್ರ್ಯಾಪ್‌ನಲ್ಲಿ ಎರಡು ಇಂಚು ನೀರು ಸದಾ ನಿಂತಿರಬೇಕು, ಮೋರಿಯ ವಾಸನೆ ತಡೆಯುವುದು ಆ ನೀರೇ.

ಆಮೇಲೆ ವಾಟ, ಅಂದರೆ ನೆಲದ ಇಳಿಜಾರು. ಐದು ಅಡಿಗೆ ಸುಮಾರು ಒಂದು ಇಂಚು ಇಳಿಯಬೇಕು. ಕಡಿಮೆಯಾದರೆ ನೀರು ನಿಲ್ಲುತ್ತದೆ, ಜಾಸ್ತಿಯಾದರೆ ಅತ್ತೆಯಂಥವರಿಗೆ ನಿಲ್ಲುವುದೇ ಕಷ್ಟ. ರಸಮಟ್ಟ ಇಟ್ಟು ಇಟ್ಟು ನೋಡುತ್ತಿದ್ದ ಮೇಸ್ತ್ರಿಯ ತಾಳ್ಮೆಗೆ ಎಷ್ಟು ಕೂಲಿ ಕೊಟ್ಟರೂ ಕಡಿಮೆ. ಗೋಡೆಯೊಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಳಗೆಲ್ಲ ತುಕ್ಕು ಕಟ್ಟಿ ಸಣ್ಣಗಾಗಿತ್ತು. ಹೇಗೂ ಗೋಡೆ ಒಡೆದಿದೆ, ಇದನ್ನೂ ಈಗಲೇ ತೆಗೆಯೋಣ ಅಂದರು. ಬಿಸಿನೀರು ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿಸಿದೆವು. ಖರ್ಚು ಹೆಚ್ಚಾಯಿತು, ಒಪ್ಪುತ್ತೇನೆ. ಹೊಸ ಟೈಲ್ಸ್ ಹಿಂದೆ ಹಳೇ ಪೈಪ್ ಬಿಟ್ಟು ಮುಂದಿನ ವರ್ಷ ಅದನ್ನೇ ಒಡೆಯುವುದು ಇನ್ನೂ ದುಬಾರಿ ಅಲ್ವಾ?

ವಾಟರ್‌ಪ್ರೂಫಿಂಗ್, ಅಂದರೆ ನೀರು ಕೆಳಗಿಳಿಯದಂತೆ ಹಾಕುವ ಲೇಪ, ಅದನ್ನು ಬಿಟ್ಟುಬಿಡುವವರ ಬಗ್ಗೆ ನನಗೆ ತುಂಬಾ ಸಿಟ್ಟಿದೆ. ತೀರ್ಥಹಳ್ಳಿ ಕಡೆಯ ನಮ್ಮ ಸಂಬಂಧಿಕರ ಮನೆಯಲ್ಲಿ ಚದರ ಅಡಿಗೆ ಇಷ್ಟು ಅಂತ ಗುತ್ತಿಗೆ ಹಿಡಿದವರು ಟಬ್ ಕಿತ್ತು ಮಣ್ಣು, ಜಲ್ಲಿ ತುಂಬಿ, ಸಿಮೆಂಟ್ ಎಳೆದು ಟೈಲ್ಸ್ ಹಾಕಿ ಹೊರಟುಬಿಟ್ಟರು. ನೋಡಲು ಚೆಂದವಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ದೇವರ ಕೋಣೆಯ ಸೂರಿನಲ್ಲಿ ಕಪ್ಪು ಕಲೆ. ಕೇಳಿದರೆ ಟೈಲ್ಸ್‌ನವನು ಪ್ಲಂಬರ್ ಕಡೆ ಕೈ ತೋರಿಸಿದ, ಪ್ಲಂಬರ್ ಮಳೆ ಕಡೆ ಕೈ ತೋರಿಸಿದ. ಚದರ ಅಡಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಬೇಗ ಮುಗಿಸಿದವನಿಗೇ ಲಾಭ, ಕೆಳಗೆ ಏನು ಹಾಕಿದ ಅಂತ ಯಾರು ನೋಡುತ್ತಾರೆ? ಅದಕ್ಕೇ ಹೇಳುವುದು, ಪೈಪ್, ಗಾರೆ, ಟೈಲ್ಸ್ ಎಲ್ಲಕ್ಕೂ ಒಬ್ಬರೇ ಹೊಣೆ ಹೊರಬೇಕು. ಅವರು ಬೇರೆ ಕೆಲಸಗಾರರನ್ನು ಕರೆದುಕೊಂಡು ಬರಲಿ, ಪರವಾಗಿಲ್ಲ. ಉತ್ತರ ಹೇಳುವವರು ಒಬ್ಬರೇ ಇರಲಿ.

ಸರಿಯಾದ ಕ್ರಮ ಹೀಗೆ. ನೆಲಕ್ಕೆ ಎರಡು ಕೋಟ್ ಲೇಪ, ಗೋಡೆಯ ಮೇಲೂ ಒಂದು ಅಡಿ ಹತ್ತಿಸಬೇಕು, ನೀರು ಬೀಳುವ ಜಾಗದಲ್ಲಿ ಆಳೆತ್ತರದವರೆಗೆ. ನೆಲ ಗೋಡೆ ಸೇರುವ ಮೂಲೆಯನ್ನು ಮೊದಲೇ ಗುಂಡಗೆ ಗಾರೆ ಮಾಡಿಕೊಳ್ಳಬೇಕು, ಬಿರುಕು ಬಿಡುವುದೇ ಅಲ್ಲಿ. ಲೇಪ ಒಣಗಿದ ಮೇಲೆ ಟ್ರ್ಯಾಪ್ ಬಾಯಿ ಮುಚ್ಚಿ ನೀರು ನಿಲ್ಲಿಸಿ 48 ಗಂಟೆ ಬಿಡಬೇಕು. ಕೆಳಗಿನ ಸೂರು ನೋಡಬೇಕು. ಒಣಗಿದ್ದರೆ ಮಾತ್ರ ಟೈಲ್ಸ್. ಆ ಎರಡು ದಿನ "ಸುಮ್ನೆ ಕೂತಿದ್ದಾರೆ" ಅಂತ ಮನೆಯವರು ಗೊಣಗಬಾರದು.

ನಮ್ಮ ಕಡೆ ಇದನ್ನು ಮಳೆಗಾಲದಲ್ಲಿ ಮಾಡಿಸಲೇಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಸುರಿಯುತ್ತದೆ. ಶಿವಮೊಗ್ಗದಲ್ಲಿ ಅಷ್ಟಿಲ್ಲ, ಆದರೂ ಜುಲೈನಲ್ಲಿ ಗೋಡೆಗಳೆಲ್ಲ ತೇವ. ಒಳಗೆ ಇಳಿದ ನೀರು ಪೈಪಿನದೋ ಹೊರಗೋಡೆಯದೋ ಅಂತ ಗೊತ್ತೇ ಆಗುವುದಿಲ್ಲ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಸಿ.

ಇನ್ನು ಹಿಡಿಕೆ. ಅತ್ತೆ ಕೂರುವ ಜಾಗದ ಪಕ್ಕ, ಬಾಗಿಲ ಪಕ್ಕ ಸ್ಟೀಲ್ ಹಿಡಿಕೆ ಹಾಕಿಸಿದ್ದೇವೆ. ಟೈಲ್ಸ್‌ಗೆ ಅಂಟಿಸುವ ರಬ್ಬರ್ ಹಿಡಿಕೆಯನ್ನು ನಂಬಬೇಡಿ. ಮನುಷ್ಯನ ಭಾರ ಬಿದ್ದಾಗ ತಡೆಯಬೇಕಾದರೆ ಹಿಡಿಕೆಯ ಬೋಲ್ಟ್ ಇಟ್ಟಿಗೆ ಗೋಡೆಯ ಆಳಕ್ಕೆ ಇಳಿದಿರಬೇಕು. ನೆಲಕ್ಕೆ ಜಾರದ ಮ್ಯಾಟ್ ಟೈಲ್ಸ್. ಗೀಸರ್‌ಗೆ ಅರ್ಥಿಂಗ್ ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್. ಗ್ಯಾಸ್ ಗೀಸರ್ ಆದರೆ ದಯವಿಟ್ಟು ಬಚ್ಚಲ ಹೊರಗೇ ಇರಲಿ. ಮುಚ್ಚಿದ ಬಚ್ಚಲಲ್ಲಿ ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ಹೋಗುವವರೆಗೂ ಗೊತ್ತಾಗುವುದಿಲ್ಲ.

ಟಬ್ಬೇ ಬೇಕು ಅನ್ನುವವರೂ ಇದ್ದಾರೆ, ಅವರ ಇಷ್ಟ. ಆದರೆ ಮಹಡಿಯಲ್ಲಿ ಹಾಕಿಸುವ ಮೊದಲು ಭಾರ ಲೆಕ್ಕ ಹಾಕಿಸಿ. 140 ಕಿಲೋ ಬೀಡು, 180 ಲೀಟರ್ ನೀರು, ಒಳಗೆ ಒಬ್ಬರು ಅಂದರೆ ಅಷ್ಟಗಲ ಜಾಗದಲ್ಲಿ 380 ಕಿಲೋ. ಹಲಗೆ ಹಾಸಿದ ಹಳೇ ಮಾಳಿಗೆ ಮನೆಗಳಲ್ಲಿ ಇದನ್ನು ಯೋಚಿಸಲೂಬಾರದು.

ಕೊನೆಗೆ ದುಡ್ಡಿನ ವಿಚಾರ. ಮೊದಲೇ ಎಲ್ಲ ಕೊಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಸ್ವಲ್ಪ ಮುಂಗಡ, ಪೈಪ್ ಮುಗಿದಾಗ ಸ್ವಲ್ಪ, ಉಳಿದದ್ದು ನೀರು ಬಿಟ್ಟು ಎಲ್ಲ ಪರೀಕ್ಷೆ ಆದ ಮೇಲೆ. ಆದರೆ ಆ ದಿನ ಬಂದಾಗ ಪೂರ್ತಿ ಕೊಡಿ, ಸಂಜೆಯೊಳಗೆ ಕೊಡಿ. "ಮುಂದಿನ ವಾರ ಬನ್ನಿ" ಅನ್ನಬೇಡಿ. ಶೋರೂಮಿನಲ್ಲಿ ನಲ್ಲಿಗೆ ಬರೆದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು ಬರುತ್ತೇವೆ. ಆ ನಲ್ಲಿಯ ನೀರು ಮನೆಯೊಳಗೆ ಸೋರದಂತೆ ಮಂಡಿಯೂರಿ ಕೆಲಸ ಮಾಡಿದವರ ಹತ್ತಿರ ಐನೂರು ರೂಪಾಯಿಗೆ ಜಗ್ಗಾಡುವುದು ನನಗಂತೂ ಸರಿ ಕಾಣುವುದಿಲ್ಲ.