ಹೆಲ್ಮೆಟ್ ಕೊಟ್ರಿ ಸರಿ, ಗಾಡಿ ಕೆಳಗೆ ಬಗ್ಗಿ ನೋಡಿದ್ರಾ?

ಸಕಲೇಶಪುರ ಕಡೆಯ ಒಂದು ಹೋಂಸ್ಟೇಯಿಂದ ಈಗಷ್ಟೇ ವಾಪಸ್ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಸ್ವಲ್ಪ ಖಾರ ಆದರೆ ಸಹಿಸಿಕೊಳ್ಳಿ.

ಅಲ್ಲಿ ಎಟಿವಿ (ಗುಡ್ಡ, ಹುಲ್ಲಿನ ಮೇಲೆ ಓಡಿಸುವ ದಪ್ಪ ಟೈರಿನ ನಾಲ್ಕು ಚಕ್ರದ ಬೈಕು) ಸವಾರಿ ಇದೆ. ಹೆಲ್ಮೆಟ್ ಕೊಟ್ಟರು, ಮೊಣಕಾಲಿಗೆ ಪ್ಯಾಡ್ ಕಟ್ಟಿದರು, ಏನಾದರೂ ಆದರೆ ನಿಮ್ಮದೇ ಜವಾಬ್ದಾರಿ ಅಂತ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಸಹಿ ವಿಷಯದಲ್ಲಿ ಮಾತ್ರ ಬಹಳ ಶಿಸ್ತು! ಆದರೆ ಗಾಡಿ ಕೆಳಗೆ ಒಬ್ಬರೂ ಬಗ್ಗಿ ನೋಡಲಿಲ್ಲ. ನಾನು ನೋಡಿದೆ. ಅಪ್ಪನ ಗ್ಯಾರೇಜಿನಲ್ಲಿ ಬೆಳೆದವನ ಚಾಳಿ, ನಿಮಗೆ ಗೊತ್ತಲ್ಲ. ಸೈಲೆನ್ಸರ್ ಸುತ್ತ ಒಣಹುಲ್ಲು, ತರಗೆಲೆ ತುರುಕಿಕೊಂಡು ಗುಬ್ಬಿ ಗೂಡು ಕಟ್ಟಿದ ಹಾಗಿತ್ತು.

ಹುಡುಗನಿಗೆ ತೋರಿಸಿದೆ. "ಏನೂ ಆಗಲ್ಲ ಸರ್, ದಿನಾ ಹಿಂಗೇ ಓಡ್ಸ್ತೀವಿ" ಅಂದ. ಅಂದವನು ಎಂಜಿನ್ ಬಿಸಿ ಇರುವಾಗಲೇ ನೀರಿನ ಬಾಟಲಿಯಿಂದ ಟ್ಯಾಂಕಿಗೆ ಪೆಟ್ರೋಲ್ ಸುರಿದ. ಚೆಲ್ಲಿದ್ದನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿ, ಆ ಬಟ್ಟೆಯನ್ನು ಸೀಟಿನ ಕೆಳಗೇ ತುರುಕಿದ. ಪಾಪ, ಅವನನ್ನು ಬೈದು ಏನು ಬಂತು? ಕಲಿಸಬೇಕಾದ ಮಾಲೀಕರು ಜಗಲಿ ಮೇಲೆ ಕೂತು ಕ್ಯೂಆರ್ ಕೋಡ್ ತೋರಿಸುತ್ತಿದ್ದರು.

ಈ ಗಾಡಿ ಓಡುವುದೇ ಹುಲ್ಲಿನ ಮೇಲೆ. ಏರಿನಲ್ಲಿ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಅಲ್ಲಿದ್ದಂಥ ಚಿಕ್ಕ ಗಾಡಿಗಳ ಎಂಜಿನ್ ತಣ್ಣಗಾಗಬೇಕಾದರೆ ಗಾಳಿ ಬೇಕು, ಆ ವೇಗದಲ್ಲಿ ಗಾಳಿ ಎಲ್ಲಿಂದ ಬರಬೇಕು? ಸೈಲೆನ್ಸರ್ ಮೇಲೆ ಬಿದ್ದ ಹುಲ್ಲು ಒಣಗಿ, ಕರಕಲಾಗಿ, ನಿಧಾನಕ್ಕೆ ಕೆಂಡವಾಗುತ್ತದೆ. ಕೆಳಗೆ ಬಿದ್ದರೆ ಕಾಡಿಗೆ ಬೆಂಕಿ, ಮೇಲೆ ಹತ್ತಿದರೆ ವೈರಿಂಗಿಗೆ, ಪೆಟ್ರೋಲ್ ಪೈಪಿಗೆ. ಗಾಡಿ ನಿಲ್ಲಿಸಿದ ಮೇಲೂ ಆ ಬಿಸಿ ಸುಮಾರು ಹೊತ್ತು ಹಾಗೇ ಇರುತ್ತದೆ. ನಮ್ಮವರು ಒಣಹುಲ್ಲಿನಲ್ಲೇ ಗಾಡಿ ನಿಲ್ಲಿಸಿ ಕಾಫಿ ಕುಡಿಯಲು ಹೋಗುತ್ತಾರೆ. ಅದೂ ಫೆಬ್ರವರಿಯಲ್ಲಿ!

ಫೆಬ್ರವರಿ ಅಂದಾಗ ನೆನಪಾಯಿತು. 2019ರ ಫೆಬ್ರವರಿ 23, ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನ. ಪಾರ್ಕಿಂಗ್ ಬಯಲಿನ ಒಣಹುಲ್ಲಿಗೆ ಬೆಂಕಿ ಬಿತ್ತು, ಜೋರು ಗಾಳಿ ಸೇರಿಕೊಂಡಿತು, ಸುಮಾರು 300 ಕಾರು ಸುಟ್ಟು ಹೋದವು. ಬಿಸಿ ಸೈಲೆನ್ಸರ್ ಮೇಲೂ ಆಗ ಅನುಮಾನ ಬಂದಿತ್ತು. ಅದೇ ವಾರ ಬಂಡೀಪುರವೂ ಉರಿಯುತ್ತಿತ್ತು. ಎಲ್ಲರೂ ಪ್ರೊಫೈಲ್ ಫೋಟೋ ಬದಲಿಸಿ ದುಃಖಪಟ್ಟೆವು. ಒಣಹುಲ್ಲಿನಲ್ಲಿ ಗಾಡಿ ನಿಲ್ಲಿಸುವುದನ್ನು ಬಿಟ್ಟವರು ಎಷ್ಟು ಜನ?

"ಅಯ್ಯೋ, ಎಟಿವಿಗೆ ಬೆಂಕಿ ಬೀಳೋದು ಕಂಪನಿ ತಪ್ಪು, ಅಮೆರಿಕದಲ್ಲಿ ಕೇಸೇ ಆಗಿದೆ" ಅಂತ ಒಬ್ಬ ಗೆಳೆಯ ವಾದಿಸಿದ. ಆಗಿದೆ, ಇಲ್ಲ ಅನ್ನಲ್ಲ. 2016ರಲ್ಲಿ ಪೋಲಾರಿಸ್ ಕಂಪನಿ ಆರ್‌ಝಡ್‌ಆರ್ ಎಂಬ ಆಫ್‌ರೋಡ್ ಗಾಡಿಗಳನ್ನು ವಾಪಸ್ ಕರೆಸಿಕೊಂಡಿತು, ಸುಮಾರು 1.33 ಲಕ್ಷ. ಅದಕ್ಕೆ ಮುಂಚೆ 160ಕ್ಕೂ ಹೆಚ್ಚು ಬೆಂಕಿ ಪ್ರಕರಣ ವರದಿಯಾಗಿದ್ದವು. 15 ವರ್ಷದ ಹುಡುಗಿಯೊಬ್ಬಳು ಸತ್ತಿದ್ದಳು. ದೋಷಗಳನ್ನು ತಕ್ಷಣ ವರದಿ ಮಾಡಲಿಲ್ಲ ಎಂಬ ಆರೋಪಕ್ಕೆ 2018ರಲ್ಲಿ 2 ಕೋಟಿ 72 ಲಕ್ಷ ಡಾಲರಿಗೂ ಜಾಸ್ತಿ ದಂಡ ಕಟ್ಟಲು ಕಂಪನಿ ಒಪ್ಪಿತು. ಸರಿ ಮಾರಾಯ, ಆದರೆ ಸಕಲೇಶಪುರದ ಹುಲ್ಲನ್ನು ಸೈಲೆನ್ಸರಿಗೆ ತುರುಕಿದ್ದು ಅಮೆರಿಕದವರಾ? ಫ್ಯೂಸ್ ಹೋದ ಕಡೆ ತಾಮ್ರದ ತಂತಿ ಸುತ್ತಿದ್ದು ಯಾವ ಕಂಪನಿಯ ಡಿಸೈನು? (ಹೌದು, ಅದನ್ನೂ ನೋಡಿದೆ. ಬಗ್ಗಿದ ಮೇಲೆ ಎಲ್ಲ ಕಾಣುತ್ತದೆ.)

ಅಮೆರಿಕದ ಸರ್ಕಾರಿ ಕಾಡಿಗೆ ಇಂಥ ಗಾಡಿ ಹೋಗಬೇಕಾದರೆ ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಜಾಲರಿ ಕಡ್ಡಾಯ. ನಮ್ಮಲ್ಲಿ ಅಷ್ಟೆಲ್ಲ ಬೇಡ ಬಿಡಿ, ಒಂದು ಕಡ್ಡಿ ಸಾಕು. ಗಾಡಿ ತಣ್ಣಗಾದ ಮೇಲೆ ಹುಲ್ಲು ಕೀಳಲು. ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಡಿ, ಆಮೇಲೆ ಪೆಟ್ರೋಲ್. ಪೈಪ್ ಬಿರುಕು ಬಿಟ್ಟಿದೆಯಾ ಅಂತ ಒಂದು ಸಲ ಬೆರಳಾಡಿಸಿ. ಪುಡಿ ಸಿಂಪಡಿಸಿ ಬೆಂಕಿ ಆರಿಸುವ ಎಬಿಸಿ ಸಿಲಿಂಡರ್ ಟ್ರ್ಯಾಕ್ ಪಕ್ಕದಲ್ಲೇ ಇಡಿ, ರಿಸೆಪ್ಷನ್ ಗೋಡೆಯ ಅಲಂಕಾರಕ್ಕಲ್ಲ. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಹರಡುತ್ತದೆ, ಅದನ್ನಾದರೂ ಆ ಹುಡುಗನಿಗೆ ಹೇಳಿಕೊಡಿ.

ಮನೆಯವರು ಬರುವ ದಾರಿಯುದ್ದಕ್ಕೂ "ಇನ್ನು ನಿಮ್ಮನ್ನ ಎಲ್ಲೂ ಕರ್ಕೊಂಡು ಹೋಗಲ್ಲ" ಅಂದರು. ಇರಲಿ. ಬೆಂಕಿ ಅಂದರೆ ನನಗೆ ಭಯ, ಅದನ್ನು ಮುಚ್ಚಿಡುವ ವಯಸ್ಸು ದಾಟಿದೆ.

ಕಾಮೆಂಟಿನಲ್ಲಿ ಆ ಹೋಂಸ್ಟೇ ಹೆಸರು ಕೇಳಬೇಡಿ, ಹೇಳಲ್ಲ. ಹೇಳಿದರೆ ಅದೊಂದನ್ನು ಬಿಟ್ಟು ಪಕ್ಕದ ಹೋಂಸ್ಟೇಗೆ ಹೋಗಿ, ಅಲ್ಲೂ ಬಗ್ಗದೇ ಗಾಡಿ ಹತ್ತುತ್ತೀರಿ.